ಎಸೆಯುವ ಸೆಲ್ಲೋ, ಮತ್ತೆ ತುಂಬುವ ಸೆಲ್ಲೋ?

ವೈದ್ಯಕೀಯ ಪ್ರವೇಶಕ್ಕೆ ನಡೆಯುವ ನೀಟ್ ಪರೀಕ್ಷೆಯ ದಿನ ತುಮಕೂರಿನ ಯಾವುದಾದರೂ ಪರೀಕ್ಷಾ ಕೇಂದ್ರದ ಮುಂದೆ ನಿಂತು ನೋಡಿ. ಗುಬ್ಬಿಯಿಂದ, ಕುಣಿಗಲ್ಲಿನಿಂದ ಬೆಳಗಿನ ಬಸ್ಸು ಹತ್ತಿ ಬಂದ ಮಕ್ಕಳು ಸಾಲು ನಿಂತಿರುತ್ತಾರೆ. ಕಿವಿಯ ಓಲೆ, ಕೈಯ ಬಳೆ, ಗಡಿಯಾರ ಎಲ್ಲವೂ ಅಮ್ಮನ ಸೆರಗಿನ ಗಂಟು ಸೇರಿರುತ್ತವೆ. ಗೇಟಿನಲ್ಲಿ ನಿಂತ ಸಿಬ್ಬಂದಿ ಕೈಯಲ್ಲೊಂದು ಕರಿಯ ಕೋಲು. ಅದನ್ನು ಮೈಮೇಲೆ ಆಡಿಸುವಾಗ 'ಕುಂಯ್' ಎಂದರೆ ಸಾಕು, ಓದಿದ್ದೆಲ್ಲ ಮರೆತುಹೋಗುವಷ್ಟು ಗಾಬರಿ. ಈಚಿನ ವರ್ಷಗಳ ನಿಯಮದಂತೆ ಮಧ್ಯಾಹ್ನ 1.30ಕ್ಕೆ ಗೇಟು ಮುಚ್ಚುತ್ತದೆ, 2 ಗಂಟೆಗೆ ಪರೀಕ್ಷೆ ಆರಂಭ. ನೂರಾರು ಮಕ್ಕಳ ಆ ಸಾಲು ಎಷ್ಟು ಬೇಗ ಕರಗಬೇಕು ಎಂಬುದು ಆ ಕೋಲಿನ ಹಿಡಿಯೊಳಗೆ ಕೂತಿರುವ, ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ಬ್ಯಾಟರಿಯ ಮೇಲೂ ನಿಂತಿದೆ!

ಆ ಬ್ಯಾಟರಿ ಒಮ್ಮೆ ಬಳಸಿ ಎಸೆಯುವಂಥದ್ದಾಗಿರಬೇಕೋ, ಮತ್ತೆ ಮತ್ತೆ ಚಾರ್ಜ್ ಮಾಡುವಂಥದ್ದೋ? ಪ್ರಶ್ನೆ ಸಣ್ಣದು. ಆದರೆ ಇದೇ ಪ್ರಶ್ನೆ ನಿಮ್ಮ ಮನೆಯ ಟಾರ್ಚಿಗೂ, ಗೋಡೆ ಗಡಿಯಾರಕ್ಕೂ, ಮಗುವಿನ ಆಟಿಕೆಗೂ ಸಲ್ಲುತ್ತದೆ. 'ಚಾರ್ಜ್ ಮಾಡುವುದೇ ಯಾವಾಗಲೂ ಲಾಭ' ಎಂದು ಕೆಲವರು, 'ಅಂಗಡಿಯ ಹೊಸ ಸೆಲ್ಲಿಗೆ ಸಮ ಯಾವುದೂ ಇಲ್ಲ' ಎಂದು ಕೆಲವರು ವಾದಿಸುತ್ತಾರೆ. ಇಬ್ಬರೂ ಅರ್ಧ ಸರಿ. ಯಾವ ಅರ್ಧ ಎಂಬುದನ್ನು ನೋಡೋಣ.

ಕೋಲು ಕೂಗುವುದು ಹೇಗೆ?

ಲೋಹಶೋಧಕ, ಅಂದರೆ ಮೆಟಲ್ ಡಿಟೆಕ್ಟರ್, ಪಿಯುಸಿ ಭೌತಶಾಸ್ತ್ರದ ಒಂದು ಪಾಠವೇ ಕೋಲಿನ ರೂಪ ತಾಳಿದಂತೆ. ಅದರ ಒಳಗೆ ತಾಮ್ರದ ತಂತಿಯ ಸುರುಳಿ ಇರುತ್ತದೆ. ಬ್ಯಾಟರಿಯ ಬಲದಿಂದ ಅದರಲ್ಲಿ ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುವ ವಿದ್ಯುತ್ತು ಹರಿಯುತ್ತದೆ. ಸುತ್ತಲೂ ಹಾಗೆಯೇ ಬದಲಾಗುವ ಕಾಂತಕ್ಷೇತ್ರ ಹುಟ್ಟುತ್ತದೆ. ಹತ್ತಿರದಲ್ಲಿ ಲೋಹವಿದ್ದರೆ ಆ ಲೋಹದೊಳಗೂ ಸಣ್ಣ ಸುಳಿ ಪ್ರವಾಹಗಳು ಏಳುತ್ತವೆ. ಅವು ತಮ್ಮದೇ ಕಾಂತಕ್ಷೇತ್ರ ಹುಟ್ಟಿಸಿ ಕೋಲಿನ ಕ್ಷೇತ್ರವನ್ನು ಕದಡುತ್ತವೆ. ಆ ಕದಡಿಕೆಯನ್ನು ಗುರುತಿಸಿದ ಕೂಡಲೇ ಕೋಲು ಕೂಗುತ್ತದೆ. ಮೈಕೇಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ ವಿದ್ಯುತ್ಕಾಂತೀಯ ಪ್ರೇರಣೆಯೇ ಇದಕ್ಕೆಲ್ಲ ಬುನಾದಿ.

ದೂರವಾಣಿಯ ಜನಕ ಅಲೆಕ್ಸಾಂಡರ್ ಗ್ರಹಾಂ ಬೆಲ್ 1881ರಲ್ಲಿ ಇಂಥದೇ ಒಂದು ಉಪಕರಣ ಹಿಡಿದು, ಗುಂಡೇಟು ತಿಂದು ಮಲಗಿದ್ದ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡ್‌ರ ದೇಹದಲ್ಲಿ ಗುಂಡು ಹುಡುಕಲು ಹೊರಟಿದ್ದರು. ಗುಂಡು ಸಿಗಲಿಲ್ಲ, ಹಾಸಿಗೆಯೊಳಗಿನ ಲೋಹದ ಸ್ಪ್ರಿಂಗುಗಳು ಅಡ್ಡಬಂದವು ಎನ್ನುತ್ತಾರೆ. ನಮ್ಮ ದೇಶದಲ್ಲಿ 1991ರ ಮೇ 21ರಂದು ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿಯವರ ಹತ್ಯೆಯಾದ ಮೇಲೆ ಸಭೆ ಸಮಾರಂಭಗಳ ತಪಾಸಣೆ ಬಿಗಿಯಾಯಿತು. ಈಗಂತೂ ರೈಲು ನಿಲ್ದಾಣ, ನ್ಯಾಯಾಲಯ, ಗಣ್ಯರು ಬರುವ ಜಾತ್ರೆ, ಪರೀಕ್ಷಾ ಕೇಂದ್ರ, ಎಲ್ಲೆಡೆ ಈ ಕೋಲು ಕಾಣುತ್ತದೆ.

ಒಂದು ಮಾತು. ಈ ಉಪಕರಣ ಹಿಡಿದು 'ನಿಧಿ' ಹುಡುಕಲು ಹೊರಡುವ ಮಹಾಶಯರೂ ಇದ್ದಾರೆ. ಕರ್ನಾಟಕದಲ್ಲಿ 1962ರ ನಿಧಿ ಕಾಯ್ದೆ ಇದೆ. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸದೆ ಇಟ್ಟುಕೊಳ್ಳುವಂತಿಲ್ಲ. ಹಳೆಯ ಗುಡಿ, ಕೋಟೆಗಳ ಬಳಿ ಅಗೆಯುವುದು ಅಪರಾಧ. ವಿಜ್ಞಾನದ ಕುತೂಹಲ ಬೇರೆ, ನಿಧಿಯ ಹುಚ್ಚು ಬೇರೆ.

ಇನ್ನೂರು ವರ್ಷಗಳ ಎರಡು ಕವಲು

ಇಟಲಿಯ ವೋಲ್ಟಾ 1800ರಲ್ಲಿ ಮೊದಲ ಬ್ಯಾಟರಿ ಮಾಡಿದ. ಫ್ರಾನ್ಸಿನ ಲೆಕ್ಲಾಂಶೆ 1866ರಲ್ಲಿ ಸತು, ಇಂಗಾಲ, ಮ್ಯಾಂಗನೀಸ್ ಡೈಆಕ್ಸೈಡ್‌ಗಳ ಕೋಶ ರೂಪಿಸಿದ. 1880ರ ದಶಕದಲ್ಲಿ ಜರ್ಮನಿಯ ಗಾಸ್ನರ್ ಅದರ ದ್ರವವನ್ನು ಚೆಲ್ಲದಂಥ ಪಾಕವಾಗಿಸಿ 'ಡ್ರೈ ಸೆಲ್' ಮಾಡಿದ. ನಮ್ಮ ಹಳ್ಳಿಯ ಅಂಗಡಿಗಳಲ್ಲಿ ಇಂದಿಗೂ ಸಿಗುವ ಅಗ್ಗದ ಸೆಲ್ಲು ಇದರ ಮೊಮ್ಮಗ. 1950ರ ದಶಕದ ಕೊನೆಗೆ ಬಂದ ಆಲ್ಕಲೈನ್ ಸೆಲ್ಲು ಅದೇ ವಂಶದ್ದು. ಬೆಲೆ ಹೆಚ್ಚು, ತಾಳಿಕೆಯೂ ಹೆಚ್ಚು. ಇವುಗಳಲ್ಲಿ ಸತು ಕರಗುತ್ತಾ ಹೋಗಿ ವಿದ್ಯುತ್ತು ಬರುತ್ತದೆ. ಸುಟ್ಟ ಸೌದೆ ಬೂದಿಯಾದಂತೆ. ಬೂದಿಯಿಂದ ಮತ್ತೆ ಸೌದೆ ಮಾಡಲಾಗದು.

ಇನ್ನೊಂದು ಕವಲು ಮತ್ತೆ ತುಂಬುವಂಥದ್ದು. 1859ರಲ್ಲಿ ಪ್ಲಾಂಟೆ ಮಾಡಿದ ಸೀಸ-ಆಮ್ಲದ ಬ್ಯಾಟರಿಯ ಸಂತತಿ ಇಂದಿಗೂ ನಮ್ಮ ಮನೆಯ ಯುಪಿಎಸ್ಸಿನಲ್ಲಿ, ಟ್ರ್ಯಾಕ್ಟರಿನಲ್ಲಿ ಇದೆ. 1899ರಲ್ಲಿ ಸ್ವೀಡನ್ನಿನ ಯುಂಗ್‌ನರ್ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿ ತಂದ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿ 6ರಂದು ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾದದ್ದು ನಿಮಗೆ ಗೊತ್ತು. ಜಗತ್ತಿನ ಎಷ್ಟೋ ಹೆಲಿಕಾಪ್ಟರುಗಳ ಎಂಜಿನ್ನನ್ನು ಚಾಲೂ ಮಾಡುತ್ತ ಬಂದದ್ದು ಈ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಯೇ. ಆದರೆ ಕ್ಯಾಡ್ಮಿಯಂ ವಿಷ. ಹಾಗಾಗಿ ಸಣ್ಣ ಸೆಲ್ಲುಗಳಲ್ಲಿ 1990ರ ದಶಕದಿಂದ ಅದರ ಜಾಗಕ್ಕೆ ನಿಕ್ಕಲ್-ಮೆಟಲ್ ಹೈಡ್ರೈಡ್ ಬಂತು. 1991ರಲ್ಲಿ ಸೋನಿ ಕಂಪನಿ ಲಿಥಿಯಂ-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು. ನಿಮ್ಮ ಮೊಬೈಲಿನಲ್ಲಿರುವುದು ಅದೇ. ಅದನ್ನು ರೂಪಿಸಿದ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ನೊಬೆಲ್ ಬಂತು. ಈ ಕವಲಿನ ಬ್ಯಾಟರಿಗಳಲ್ಲಿ ರಾಸಾಯನಿಕ ಕ್ರಿಯೆ ಹಿಂದಕ್ಕೂ ನಡೆಯಬಲ್ಲದು. ತೊಟ್ಟಿಯ ನೀರು ಖಾಲಿಯಾದರೆ ಮತ್ತೆ ತುಂಬಿಸಿದಂತೆ.

9 ಎಂದು ಬರೆದದ್ದೆಲ್ಲ 9 ಅಲ್ಲ

ಕೈಯಲ್ಲಿ ಹಿಡಿಯುವ ಎಷ್ಟೋ ಲೋಹಶೋಧಕಗಳು ಚೌಕನೆಯ 9 ವೋಲ್ಟ್ ಬ್ಯಾಟರಿ ಬೇಡುತ್ತವೆ. ಎಸೆಯುವ ಬಗೆಯದರಲ್ಲಿ 1.5 ವೋಲ್ಟಿನ ಆರು ಪುಟ್ಟ ಕೋಶಗಳಿರುತ್ತವೆ. ಆರು ಒಂದೂವರೆ ಒಂಬತ್ತು, ಲೆಕ್ಕ ಸರಿ. ಆದರೆ ನಿಕ್ಕಲ್ ಬಗೆಯ ಒಂದು ಕೋಶದ ವೋಲ್ಟೇಜು 1.2 ಮಾತ್ರ. ಆರು ಕೋಶ ಸೇರಿದರೆ 7.2, ಏಳು ಸೇರಿದರೆ 8.4. ಹೊರಗೆ ದೊಡ್ಡದಾಗಿ '9 ವೋಲ್ಟ್' ಎಂದು ಬರೆದಿದ್ದರೂ ಒಳಗಿನ ಸತ್ಯ ಇದು.

ಇದರಿಂದ ತೊಂದರೆಯೇ? ಉಪಕರಣದ ಮೇಲೆ ಅವಲಂಬಿಸಿದೆ. ಕೆಲವು ಕೋಲುಗಳು 7 ವೋಲ್ಟಿನವರೆಗೂ ಸರಿಯಾಗಿ ದುಡಿಯುತ್ತವೆ. ಕೆಲವು, ಬ್ಯಾಟರಿ ಆಗಲೇ ಮುಗಿಯಿತೆಂದು ಕೆಂಪು ದೀಪ ಹೊತ್ತಿಸುತ್ತವೆ. ಆದ್ದರಿಂದ ಮೊದಲು ಉಪಕರಣದ ಕೈಪಿಡಿ ನೋಡಬೇಕು, ಆಮೇಲೆ ಅಂಗಡಿಗೆ ಹೋಗಬೇಕು. ಕೊಳ್ಳುವುದಾದರೆ 8.4 ವೋಲ್ಟಿನದೇ ವಾಸಿ.

ಇನ್ನೊಂದು ಅಂಶ, ಹೊಟ್ಟೆಯ ಅಳತೆ. ಬ್ಯಾಟರಿಯ ಹೊಟ್ಟೆಯನ್ನು ಮಿಲಿಆಂಪಿಯರ್-ಗಂಟೆಯಲ್ಲಿ (ಎಂಎಎಚ್) ಅಳೆಯುತ್ತಾರೆ. 9 ವೋಲ್ಟಿನ ಆಲ್ಕಲೈನ್‌ನಲ್ಲಿ ಸುಮಾರು 500 ಇದ್ದರೆ, ನಿಕ್ಕಲ್-ಮೆಟಲ್ ಹೈಡ್ರೈಡ್‌ನಲ್ಲಿ ಸುಮಾರು 200. ಕೋಲು 25 ಮಿಲಿಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಮೊದಲನೆಯದು 20 ಗಂಟೆ ಓಡುತ್ತದೆ, ಎರಡನೆಯದು 8 ಗಂಟೆ. ಪೆನ್ಸಿಲ್ ಸೆಲ್ಲಿನಲ್ಲಿ ಮಾತ್ರ ಈ ಅಂತರವಿಲ್ಲ. ಅಲ್ಲಿ ಒಳ್ಳೆಯ ಆಲ್ಕಲೈನ್‌ಗೂ ಒಳ್ಳೆಯ ಚಾರ್ಜ್ ಸೆಲ್ಲಿಗೂ 2,000ದ ಆಸುಪಾಸಿನಲ್ಲಿ ಸರಿಸಾಟಿ.

ಮೂರನೆಯದು, ಸಾಯುವ ರೀತಿ. ಎಸೆಯುವ ಸೆಲ್ಲು ಮೆಲ್ಲಗೆ ಸೊರಗುತ್ತದೆ. 1.5ರಿಂದ ಶುರುವಾಗಿ 0.9ರವರೆಗೆ ಇಳಿಜಾರಿನಲ್ಲಿ ಜಾರಿದಂತೆ ವೋಲ್ಟೇಜು ಇಳಿಯುತ್ತದೆ. ಟಾರ್ಚಿನ ಬೆಳಕು ಮಂಕಾಗಿ 'ನಾನಿನ್ನು ಹೊರಟೆ' ಎಂದು ಮೊದಲೇ ಹೇಳುತ್ತದೆ. ಚಾರ್ಜ್ ಮಾಡುವ ನಿಕ್ಕಲ್ ಸೆಲ್ಲು ಹೆಚ್ಚುಕಡಿಮೆ ಕೊನೆಯವರೆಗೂ 1.2ರಲ್ಲಿ ಗಟ್ಟಿಯಾಗಿ ನಿಂತು, ಆಮೇಲೆ ಇದ್ದಕ್ಕಿದ್ದಂತೆ ಕುಸಿಯುತ್ತದೆ. ದುಡಿಯುವಾಗ ಇದು ಗುಣ, ಕೊನೆಯಲ್ಲಿ ದೋಷ.

ಈಚೆಗೆ ಬಂದಿರುವ ಲಿಥಿಯಂನ 9 ವೋಲ್ಟ್ ಬ್ಯಾಟರಿಗಳನ್ನು ಮೊಬೈಲ್ ಚಾರ್ಜರಿನಲ್ಲೇ ತುಂಬಿಸಬಹುದು. ಆದರೆ ಕೆಲವುದರ ಒಳಗೆ ವೋಲ್ಟೇಜು ಹೊಂದಿಸುವ ಪುಟ್ಟ ಎಲೆಕ್ಟ್ರಾನಿಕ್ ಮಂಡಲ ಇರುತ್ತದೆ. ಅದರ ವಿದ್ಯುತ್ ಗದ್ದಲ ಲೋಹಶೋಧಕದಂಥ ಸೂಕ್ಷ್ಮ ಉಪಕರಣಕ್ಕೆ ಅಡ್ಡಿ ಮಾಡಬಹುದು. ಹಾಕಿ, ಪರೀಕ್ಷಿಸಿ, ಆಮೇಲೆ ನಂಬಬೇಕು.

ಹಾಗಾದರೆ ಗೇಟಿಗೆ ಯಾವುದು?

ದಿನಕ್ಕೆ 8 ಗಂಟೆ, ತಿಂಗಳಿಗೆ 25 ದಿನ ಕೋಲು ಓಡುವ ಕಡೆ ತಿಂಗಳಿಗೆ 200 ಗಂಟೆಯ ಕೆಲಸ. ಮೇಲಿನ ಲೆಕ್ಕದಲ್ಲಿ 10 ಆಲ್ಕಲೈನ್ ಬ್ಯಾಟರಿ ಬೇಕು. ಒಂದಕ್ಕೆ 200 ರೂಪಾಯಿ ಎಂದು ಹಿಡಿದರೆ ತಿಂಗಳಿಗೆ 2,000. ಅಷ್ಟೇ ಹಣಕ್ಕೆ ಎರಡು ಚಾರ್ಜ್ ಬ್ಯಾಟರಿ, ಒಂದು ಚಾರ್ಜರ್ ಬಂದರೆ ಒಂದೇ ತಿಂಗಳಲ್ಲಿ ಹಾಕಿದ ಅಸಲು ಬಂತು. ಒಂದು ಕೋಲಿನಲ್ಲಿ, ಇನ್ನೊಂದು ಚಾರ್ಜರಿನಲ್ಲಿ. ದಿನವೂ ಅದಲು ಬದಲು. ಇಂಥ ಕಡೆ ಚಾರ್ಜ್ ಬ್ಯಾಟರಿಗೆ ಜೈ ಎನ್ನಬೇಕು.

ಆದರೆ ವರ್ಷಕ್ಕೆ ನಾಲ್ಕೈದು ದಿನ ಮಾತ್ರ ಕೋಲು ಹೊರತೆಗೆಯುವ ಶಾಲೆ ಕಾಲೇಜಿಗೆ ಇದು ಹೊಂದದು. ಚಾರ್ಜ್ ಮಾಡುವ ಸಾಮಾನ್ಯ ನಿಕ್ಕಲ್ ಸೆಲ್ಲು ಸುಮ್ಮನೆ ಕೂತರೂ ತಿಂಗಳಿಗೆ ಐದರಲ್ಲಿ ಒಂದು ಪಾಲನ್ನೋ ಅದಕ್ಕಿಂತ ಹೆಚ್ಚನ್ನೋ ಕಳೆದುಕೊಳ್ಳುತ್ತದೆ. ಬೇಸಗೆಯ ಸೆಖೆಯಲ್ಲಿ ಇನ್ನೂ ಬೇಗ. ಅದೇ ಆಲ್ಕಲೈನ್ ವರ್ಷಗಟ್ಟಲೆ ಕಾಯುತ್ತದೆ. ಇಂಥ ಕಡೆ ಕೆಲಸದ ದಿನ ಹೊಸ ಆಲ್ಕಲೈನ್ ಹಾಕಿ, ಇನ್ನೊಂದನ್ನು ಜೇಬಿನಲ್ಲಿಟ್ಟುಕೊಂಡು, ಕೆಲಸ ಮುಗಿದ ಮೇಲೆ ಬ್ಯಾಟರಿ ಹೊರತೆಗೆದು ಇಡುವುದೇ ಜಾಣತನ. ಒಳಗೇ ಬಿಟ್ಟ ಸೆಲ್ಲು ಸೋರಿ ಉಪಕರಣವನ್ನೇ ತಿಂದುಹಾಕುತ್ತದೆ.

ಯಾವ ಬ್ಯಾಟರಿ ಹಾಕಿದರೂ ಒಂದು ಶಿಸ್ತು ಬೇಕು. ಶಕ್ತಿ ಕುಂದಿದಾಗ ಕೋಲು ಎರಡು ಬಗೆಯ ತಪ್ಪು ಮಾಡಬಹುದು: ಲೋಹ ಇದ್ದರೂ ಸುಮ್ಮನಿರುವುದು, ಇಲ್ಲದಿದ್ದರೂ ಕೂಗುವುದು. ಮೊದಲನೆಯದು ಭದ್ರತೆಗೆ ಕೇಡು, ಎರಡನೆಯದು ಮಕ್ಕಳಿಗೆ ಕಿರುಕುಳ. ಕೆಲಸ ಶುರು ಮಾಡುವ ಮೊದಲು, ಮಧ್ಯೆ ಮಧ್ಯೆ, ಒಂದು ಬೀಗದಕೈಯನ್ನೋ ನಾಣ್ಯವನ್ನೋ ಹಿಡಿದು ಪರೀಕ್ಷಿಸಿದರೆ ಎರಡೂ ತಪ್ಪುತ್ತವೆ. ಇನ್ನು ಪೋಷಕರು ಮಾಡಬೇಕಾದದ್ದು: ಪರೀಕ್ಷೆಯ ಸೂಚನೆಗಳನ್ನು ಮೊದಲೇ ಓದಿ, ಲೋಹದ ಗುಂಡಿ, ಬಕ್ಕಲ್ ಇಲ್ಲದ ಬಟ್ಟೆ ತೊಡಿಸಿ ಕಳಿಸುವುದು.

ತೋಟದ ಕತ್ತಲು, ಕೈಯ ಬ್ಯಾಟ್ರಿ

ನಮ್ಮ ಕಡೆ ಹಳ್ಳಿಗಳಲ್ಲಿ ಟಾರ್ಚಿಗೇ 'ಬ್ಯಾಟ್ರಿ' ಎನ್ನುತ್ತಾರೆ. ಅದರೊಳಗೆ ಹಾಕುವುದು 'ಶೆಲ್ಲು'. ಗುಬ್ಬಿಯ ತೆಂಗಿನ ತೋಟವಿರಲಿ, ಕುಣಿಗಲ್ಲಿನ ರಾಗಿ ಹೊಲವಿರಲಿ, ರಾತ್ರಿ ಪಾಳಿಯಲ್ಲಿ ತ್ರೀ ಫೇಸ್ ಕರೆಂಟು ಬಂದರೆ ಮೋಟರ್ ಹಾಕಲು ಹೋಗಲೇಬೇಕು. ಹಾವು, ಚೇಳಿನ ಭಯ ಹಿಂದಿನಿಂದಲೂ ಇದ್ದದ್ದೇ. 2019ರ ಕೊನೆ ಮತ್ತು 2020ರ ಆರಂಭದ ತಿಂಗಳುಗಳಲ್ಲಿ ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳಲ್ಲಿ ಚಿರತೆಯ ದಾಳಿಗೆ ಮಕ್ಕಳೂ ಸೇರಿದಂತೆ ಹಲವರು ಬಲಿಯಾದರು. ಅರಣ್ಯ ಇಲಾಖೆ ಬೋನು ಇಟ್ಟಿತು, ಕ್ಯಾಮೆರಾ ಕಟ್ಟಿತು. ಆ ದಿನಗಳಿಂದ ಕತ್ತಲಾದ ಮೇಲೆ ಬೆಳಕಿಲ್ಲದೆ ಹೊರಗೆ ಕಾಲಿಡಲು ಈ ಭಾಗದ ಜನ ಹೆದರುವಂತಾಯಿತು.

ಹೀಗಿರುವಾಗ ಮೇಲೆ ಹೇಳಿದ 'ಸಾಯುವ ರೀತಿ' ಬರೀ ಪಾಠದ ಮಾತಾಗಿ ಉಳಿಯುವುದಿಲ್ಲ. ಶೆಲ್ಲಿನ ಹಳೆಯ ಬ್ಯಾಟ್ರಿ ಮಂಕಾಗುತ್ತ ಮನೆ ಮುಟ್ಟಿಸುತ್ತದೆ. ಚಾರ್ಜ್ ಟಾರ್ಚ್ ಹೊಳೆಯುತ್ತಲೇ ಇದ್ದು ತೋಟದ ನಡುವೆ ಒಮ್ಮೆಗೇ ಆರಿಹೋಗಬಹುದು. ಹಾಗೆಂದು ಚಾರ್ಜ್ ಟಾರ್ಚ್ ಬೇಡವೆಂದಲ್ಲ. ದಿನವೂ ಬಳಸುವವರಿಗೆ ಅದೇ ಲಾಭ. ಆದರೆ ಅದರ ಜೊತೆಗೆ, ಆಲ್ಕಲೈನ್ ಸೆಲ್ಲು ಹಾಕಿದ ಒಂದು ಪುಟ್ಟ ಟಾರ್ಚ್ ಜೇಬಿನಲ್ಲಿರಲಿ. ಎರಡು ದಿನ ಕರೆಂಟು ಹೋದರೂ ಅದು ಕೈಬಿಡುವುದಿಲ್ಲ.

ಕೊಳ್ಳುವಾಗ ಇನ್ನೊಂದು ನೋಡಿ. ಹಲವು ಅಗ್ಗದ ಚಾರ್ಜ್ ಟಾರ್ಚುಗಳ ಬ್ಯಾಟರಿಯನ್ನು ಬದಲಿಸಲು ಬರುವುದಿಲ್ಲ. ಒಳಗಿನದು ಸತ್ತರೆ ಟಾರ್ಚೇ ಕಸ. ಸೆಲ್ಲು ತೆಗೆದು ಹಾಕಲು ಬರುವ ಟಾರ್ಚಾದರೆ ಎರಡೂ ಬಗೆಯ ಸೆಲ್ಲು ಬಳಸಬಹುದು. ಸೀಸ-ಆಮ್ಲದ ಬ್ಯಾಟರಿ ಇರುವ ಟಾರ್ಚನ್ನು ಖಾಲಿಯಾದ ಸ್ಥಿತಿಯಲ್ಲಿ ತಿಂಗಳುಗಟ್ಟಲೆ ಇಡಬೇಡಿ. ಬಳಸದಿದ್ದರೂ ಆಗಾಗ ಚಾರ್ಜ್ ಮಾಡಿ.

ಲೆಕ್ಕ ಹಾಕಿ ನೋಡಿ

ಈ ಲೆಕ್ಕ ಮಕ್ಕಳೇ ಮಾಡಲಿ. ಇಲ್ಲಿರುವ ಬೆಲೆಗಳು ಉದಾಹರಣೆಗೆ ಮಾತ್ರ. ನಿಮ್ಮೂರ ಅಂಗಡಿಯ ಬೆಲೆ ಹಾಕಿಕೊಳ್ಳಿ.

ಟಾರ್ಚಿಗೆ ತಿಂಗಳಿಗೆ 20 ರೂಪಾಯಿಯ ಎರಡು ಪೆನ್ಸಿಲ್ ಸೆಲ್ಲು ಬೇಕೆಂದರೆ ತಿಂಗಳ ಖರ್ಚು 40 ರೂಪಾಯಿ. ನಾಲ್ಕು ಚಾರ್ಜ್ ಸೆಲ್ಲು ಮತ್ತು ಚಾರ್ಜರಿಗೆ 1,200 ಕೊಟ್ಟರೆ ಅಸಲು ಬರಲು 30 ತಿಂಗಳು. ಹದಿನೈದು ದಿನಕ್ಕೊಮ್ಮೆ ಸೆಲ್ಲು ಬದಲಿಸುವ ಮನೆಯಾದರೆ 15 ತಿಂಗಳು. ಒಳ್ಳೆಯ ಸೆಲ್ಲುಗಳನ್ನು ನೂರಾರು ಸಲ ಚಾರ್ಜ್ ಮಾಡಬಹುದಾದ್ದರಿಂದ ಆಮೇಲಿನದೆಲ್ಲ ಉಳಿತಾಯ. ಈಗ ಗೋಡೆ ಗಡಿಯಾರಕ್ಕೆ ಬನ್ನಿ. ವರ್ಷಕ್ಕೆ ಒಂದೇ ಸೆಲ್ಲು, 20 ರೂಪಾಯಿ. ಅದಕ್ಕೆಂದೇ 1,200 ಹಾಕಿದರೆ ಅಸಲು ಬರಲು 60 ವರ್ಷ! ಮೊಮ್ಮಕ್ಕಳ ಕಾಲಕ್ಕೆ ಲಾಭ.

ಚಾರ್ಜ್ ಮಾಡಲು ಕರೆಂಟಿಗೆ ಎಷ್ಟು ಖರ್ಚು? 2,000 ಎಂಎಎಚ್‌ನ ಒಂದು ಸೆಲ್ಲಿನಲ್ಲಿ ಹಿಡಿಯುವುದು 2.4 ವಾಟ್-ಗಂಟೆ. ಚಾರ್ಜರಿನಲ್ಲಿ ಪೋಲಾಗುವುದೂ ಸೇರಿ 5 ಎನ್ನಿ. ಒಂದು ಯೂನಿಟ್ ಎಂದರೆ 1,000 ವಾಟ್-ಗಂಟೆ. ಅಂದರೆ ಒಂದು ಯೂನಿಟ್ಟಿನಲ್ಲಿ 200 ಸಲ! ಅದೇ ಒಂದು ಯೂನಿಟ್ ವಿದ್ಯುತ್ತನ್ನು ಆಲ್ಕಲೈನ್ ಸೆಲ್ಲಿನ ರೂಪದಲ್ಲಿ ಕೊಳ್ಳಹೋದರೆ? ಒಂದು ಸೆಲ್ಲಿನಲ್ಲಿ ಸುಮಾರು 3 ವಾಟ್-ಗಂಟೆ. 333 ಸೆಲ್ಲು ಬೇಕು. 30 ರೂಪಾಯಿಯಂತೆ ಹತ್ತಿರ ಹತ್ತಿರ 10,000 ರೂಪಾಯಿ. ನಮ್ಮ ಜಿಲ್ಲೆಯ ಪಾವಗಡದಲ್ಲಿ 2,000 ಮೆಗಾವಾಟಿಗೂ ಹೆಚ್ಚಿನ ಸೌರ ವಿದ್ಯುತ್ ಪಾರ್ಕ್ ಇದೆ. ಆದರೆ ಜೇಬಿನಲ್ಲಿ ಹೊತ್ತೊಯ್ಯುವ ಬೆಳಕಿಗೆ ನಾವು ತೆರುವ ಬೆಲೆ ಇಷ್ಟು.

ಒಟ್ಟಿನ ಸೂತ್ರ ಇದು. ಬೇಗ ಖಾಲಿಯಾಗುವ, ದಿನವೂ ಬಳಸುವ ಉಪಕರಣಕ್ಕೆ ಚಾರ್ಜ್ ಸೆಲ್ಲು. ನಿಧಾನವಾಗಿ ಕುಡಿಯುವ ಗಡಿಯಾರ, ರಿಮೋಟ್‌ಗಳಿಗೂ, ಆಪತ್ತಿಗೆಂದು ಎತ್ತಿಟ್ಟದ್ದಕ್ಕೂ ಎಸೆಯುವ ಸೆಲ್ಲು. ಇವೆರಡರ ನಡುವೆ ಬೀಳುವವಕ್ಕೆ ಶಕ್ತಿ ಸೋರದಂತೆ ಮಾಡಿದ ನಿಕ್ಕಲ್ ಸೆಲ್ಲುಗಳಿವೆ. 2005ರಿಂದ ಬಳಕೆಗೆ ಬಂದಿರುವ ಇವು ವರ್ಷ ಕಳೆದರೂ ಹೆಚ್ಚಿನ ಪಾಲು ಶಕ್ತಿ ಉಳಿಸಿಕೊಳ್ಳುತ್ತವೆ.

ಬಿಸಿಲಿಗಿಟ್ಟ ಶೆಲ್ಲು

ಸತ್ತ ಶೆಲ್ಲನ್ನು ಬಿಸಿಲಿಗಿಟ್ಟು ಮತ್ತೆ ಹಾಕುವುದು ನಮ್ಮ ಹಳ್ಳಿಗಳ ಹಳೆಯ ಉಪಾಯ. ಸ್ವಲ್ಪ ಹೊತ್ತು ಉರಿಯುವುದೂ ಹೌದು. ಬಿಸಿಗೆ ಒಳಗಿನ ರಾಸಾಯನಿಕ ಕ್ರಿಯೆ ಚುರುಕಾಗಿ, ಉಳಿದ ಚೂರುಪಾರು ಶಕ್ತಿ ಹೊರಬರುತ್ತದೆ. ಅದು ಚಾರ್ಜ್ ಆದದ್ದಲ್ಲ. ಬಿಸಿಗೆ ಕವಚ ಸೋರಿ ಟಾರ್ಚು ಕೆಡುವ ಸಂಭವವೇ ಹೆಚ್ಚು. ಎಸೆಯುವ ಸೆಲ್ಲನ್ನು ಚಾರ್ಜರಿಗೆ ಹಾಕುವುದಂತೂ ಕೂಡದು, ಸೋರಬಹುದು, ಸಿಡಿಯಬಹುದು. ಹಳೆಯದು ಹೊಸದನ್ನು, ಬೇರೆ ಬೇರೆ ಬಗೆಯವನ್ನು ಒಂದೇ ಟಾರ್ಚಿನಲ್ಲಿ ಬೆರೆಸಬಾರದು. ಸೆಲ್ಲು ಒಡೆದು ಕರಿ ಪುಡಿ ತೆಗೆದು ಆಡುವುದು, ಕಪ್ಪು ಹಲಗೆಗೆ ಬಳಿಯುವುದು ಬೇಡ. ಅದರಲ್ಲಿರುವುದು ಬರೀ ಇದ್ದಿಲಲ್ಲ, ಮ್ಯಾಂಗನೀಸ್ ಡೈಆಕ್ಸೈಡ್ ಕೂಡ.

ಚಿಕ್ಕ ಮಕ್ಕಳಿರುವ ಮನೆಯವರಿಗೆ ಒಂದು ಎಚ್ಚರಿಕೆ. ಆಟಿಕೆ, ರಿಮೋಟ್‌ಗಳಲ್ಲಿರುವ ಗುಂಡಿಯಂಥ ಸೆಲ್ಲನ್ನು ಮಗು ನುಂಗಿದರೆ ಅನ್ನನಾಳದಲ್ಲಿ ಸಿಕ್ಕಿಕೊಂಡು ಎರಡು ಗಂಟೆಯೊಳಗೇ ಸುಟ್ಟ ಗಾಯ ಮಾಡಬಲ್ಲದು. 'ನಾಳೆ ಹೊರಗೆ ಹೋದೀತು' ಎಂದು ಕಾಯದೆ ತಕ್ಷಣ ಆಸ್ಪತ್ರೆಗೆ ಓಡಬೇಕು.

ಸತ್ತ ಮೇಲೆ ಎಲ್ಲಿಗೆ?

ಹಳ್ಳಿಯಲ್ಲಾದರೆ ಶೆಲ್ಲು ಹೋಗುವುದು ತಿಪ್ಪೆಗೆ, ತಿಪ್ಪೆಯ ಗೊಬ್ಬರ ತೆಂಗಿನ ಬುಡಕ್ಕೆ. ಪಟ್ಟಣದಲ್ಲಾದರೆ ಕಸದ ಗಾಡಿಗೆ. ಎರಡೂ ಸರಿಯಲ್ಲ. ಹಳೆಯ ಚಾರ್ಜ್ ಬ್ಯಾಟರಿಗಳಲ್ಲಿ ಕ್ಯಾಡ್ಮಿಯಂ, ಸೀಸ ಇರಬಹುದು. ಲಿಥಿಯಂ ಬ್ಯಾಟರಿ ಜಜ್ಜಿದರೆ ಬೆಂಕಿ ಹತ್ತಬಹುದು. 2001ರ ಹಳೆಯ ನಿಯಮ ಸೀಸದ ಬ್ಯಾಟರಿಗಳಿಗಷ್ಟೇ ಅನ್ವಯಿಸುತ್ತಿತ್ತು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಸಣ್ಣ ಸೆಲ್ಲುಗಳನ್ನೂ ಒಳಗೊಂಡಿವೆ. ಹಳೆಯದನ್ನು ಮರಳಿ ಪಡೆದು ಸಂಸ್ಕರಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಮನೆಯಲ್ಲೊಂದು ಪ್ಲಾಸ್ಟಿಕ್ ಡಬ್ಬಿ ಇಟ್ಟು ಸತ್ತ ಸೆಲ್ಲುಗಳನ್ನು ಕೂಡಿಡಿ. ಲಿಥಿಯಂ ಮತ್ತು 9 ವೋಲ್ಟಿನವುಗಳ ತುದಿಗಳಿಗೆ ಟೇಪು ಅಂಟಿಸಿ. ಶಾಲೆಯಲ್ಲೇ ಒಂದು ಡಬ್ಬಿ ಇಟ್ಟು, ತುಂಬಿದಾಗ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಟ್ಟಾಗಿ ಒಪ್ಪಿಸಿದರೆ ಇನ್ನೂ ಒಳಿತು. ಚಾರ್ಜ್ ಸೆಲ್ಲಿನ ದೊಡ್ಡ ಪುಣ್ಯ ಇಲ್ಲೇ ಇದೆ: ನೂರು ಸೆಲ್ಲಿನ ಬದಲು ಒಂದೇ ಕಸ.

ವಿಜ್ಞಾನ ವಸ್ತುಪ್ರದರ್ಶನಕ್ಕೆ ವಿಷಯ ಹುಡುಕುವ ವಿದ್ಯಾರ್ಥಿಗಳಿಗೆ ಇದೊಂದು ಪ್ರಯೋಗ. ಒಂದೇ ಬಗೆಯ ಎರಡು ಪುಟ್ಟ ಟಾರ್ಚ್ ಬಲ್ಬು ತನ್ನಿ. ಒಂದಕ್ಕೆ ಆಲ್ಕಲೈನ್, ಇನ್ನೊಂದಕ್ಕೆ ಪೂರ್ತಿ ತುಂಬಿದ ಚಾರ್ಜ್ ಸೆಲ್ಲು ಜೋಡಿಸಿ. ಬಲ್ಬು ಉರಿಯುತ್ತಿರುವಾಗಲೇ ಅರ್ಧ ಗಂಟೆಗೊಮ್ಮೆ ಮಲ್ಟಿಮೀಟರಿನಿಂದ ವೋಲ್ಟೇಜು ಅಳೆದು ಗ್ರಾಫ್ ಹಾಳೆಯಲ್ಲಿ ಚುಕ್ಕೆ ಇಡುತ್ತಾ ಹೋಗಿ. ಒಂದು ಗೆರೆ ಇಳಿಜಾರಿನಂತೆ ಜಾರುತ್ತದೆ. ಇನ್ನೊಂದು ಕೆರೆ ಏರಿಯಂತೆ ಸಪಾಟಾಗಿ ಸಾಗಿ ಕೊನೆಗೆ ಧಡಕ್ಕನೆ ಬೀಳುತ್ತದೆ. ಬೆಲೆಯ ಲೆಕ್ಕವನ್ನೂ ಪಕ್ಕದಲ್ಲೇ ಬರೆದು ಅಪ್ಪ ಅಮ್ಮನ ಮುಂದಿಡಿ. ಮುಂದಿನ ಸಲ ಅಂಗಡಿಯಲ್ಲಿ ಯಾವ ಸೆಲ್ಲು ಕೇಳಬೇಕೆಂದು ಮನೆಯವರಿಗೆ ನೀವೇ ಹೇಳಬಹುದು.